ನೀರಿನ ಕ್ಯಾನು ಕೆಳಗಿಡು

ಒಳಗೆ ಬಾ ಎರ್ಲೆಂಡ್, ಗಾಳಿಗೆ ಬಾಗಿಲು ಬಡಿಯುತ್ತೆ.
ಅಳಬೇಡ. ಮೊದಲು ಆ ಕ್ಯಾನು ಕೆಳಗಿಡು.
ಕಿರ್ಕ್‌ವಾಲ್ ಆಸ್ಪತ್ರೆಯಲ್ಲಿ ನನ್ನ ಸೊಂಟಕ್ಕೆ
ಹೊಸ ಕೀಲು ಕೂರಿಸಿ ಮಲಗಿಸಿದ್ದ ಇಪ್ಪತ್ತೆರಡು ದಿನ
ದಿನಕ್ಕೆ ಮೂರು ಹೊತ್ತು ನೀನು ಇವಕ್ಕೆ ನೀರುಣಿಸಿದ್ದೀಯ.
ನಿನ್ನಮ್ಮ ಹೇಳಿದಳು. ಹೊಗಳಿಯೇ ಹೇಳಿದಳು:
ತೋರಾಳ ಪ್ರಿಮ್‌ರೋಸ್ ಅಂದರೆ ಹುಡುಗನಿಗೆ ಜೀವ.

ಇಲ್ಲಿ ನೋಡು, ಬೇಕಾದರೆ ನನ್ನ ಕನ್ನಡಕ ತಗೋ.
ಎಲೆ ಇನ್ನೂ ಹಸಿರು. ಬೇರೂ ಇದೆ.
ನಡುವೆ, ಮಣ್ಣು ಮುಟ್ಟುವಲ್ಲಿ,
ಕಾಂಡ ಹೊಲಿಗೆ ದಾರದಷ್ಟು ಸಣಕಲು, ಕಂದು.
ನಿನ್ನೆ ನಿಂತಿದ್ದದ್ದು ಇವತ್ತು ಒರಗಿದೆ,
ನಿದ್ದೆಗಣ್ಣಲ್ಲಿ ಪಕ್ಕದವನ ಹೆಗಲಿಗೆ ತಲೆ ಕೊಟ್ಟಂತೆ;
ಆ ಪಕ್ಕದವನೂ ಒರಗಿದ.
ಮೇಲೆ ಯಾವ ಜೇಡವೂ ನೇಯದ ಬಲೆ,
ಬಿಳಿ, ಉಸಿರು ತಾಗಿದರೆ ಅಲುಗುವಷ್ಟು ತೆಳು.
ಅದೇ ಬೂಷ್ಟು. ಅದಕ್ಕೆ ಹಲ್ಲಿಲ್ಲ, ಕಾಲಿಲ್ಲ,
ಒದ್ದೆ ಬೇಕು, ಮತ್ತೆ ಅಲುಗದ ಗಾಳಿ.
ಎರಡನ್ನೂ ಕೊಟ್ಟೆ ನೀನು,
ಚಳಿಯಾದೀತೆಂದು ಮುಚ್ಚಳ ಬಿಗಿದು.

ಚಳಿ ಇವಕ್ಕೆ ತವರು, ಮಾರಾಯ.
ಬೀಜವನ್ನು ಜನವರಿಯ ಹಿಮಕ್ಕೆ ಹೊರಗಿಟ್ಟು ಎಬ್ಬಿಸಿದವಳು ನಾನು.

ಚಮಚ ಕೊಡು. ಸತ್ತದ್ದನ್ನಷ್ಟೇ ಅಲ್ಲ,
ಸುತ್ತ ಎರಡು ಬೆರಳಗಲ ಬದುಕಿದ್ದನ್ನೂ ತೆಗೆಯಬೇಕು, ಮಣ್ಣು ಸಮೇತ.
ಹೌದು, ಅನ್ಯಾಯವೇ.
ಗೊಬ್ಬರದ ಗುಂಡಿಗೆ ಬೇಡ; ಒಲೆಗೆ ಹಾಕು.
ಉಳಿದ ಗುಳಿಗೆ ಚಕ್ಕೆ ಪುಡಿ ಉದುರಿಸುತ್ತಿದ್ದಳು ನಮ್ಮಜ್ಜಿ.
ಅದರಿಂದ ಏನಾದರೂ ಆಗುತ್ತೋ ನಾನರಿಯೆ,
ಗಾಜಿನಮನೆ ಬನ್ನಿನಂಗಡಿಯಂತೆ ಘಮ್ಮೆನ್ನುತ್ತೆ, ಅಷ್ಟು ಖಂಡಿತ.

ಮುಂದಿನ ಸಲಕ್ಕೆ ಕೇಳು. ಬರೆದುಕೊಳ್ಳಬೇಡ, ಕೈಗೆ ಬರಲಿ.
ಟ್ರೇಯನ್ನು ಕುದಿನೀರಲ್ಲಿ ತೊಳೆ,
ಹಳೆ ಮಣ್ಣು ಉಗುರಸಂದಿಯಷ್ಟೂ ಉಳಿಯದ ಹಾಗೆ.
ಮಳೆ ಪೀಪಾಯಿಯ ನೀರು ಬೇಡ,
ಅದರ ತಳದಲ್ಲಿ ಹೋದ ವರ್ಷದ ಎಲೆಗಳು ಕೊಳೆಯುತ್ತಿವೆ.
ಬೀಜವನ್ನು ಜಿಪುಣಿಯ ಕೈಯಲ್ಲಿ ಉದುರಿಸು,
ಒಂದರ ಜ್ವರ ಇನ್ನೊಂದಕ್ಕೆ ತಾಗದಷ್ಟು ದೂರ ದೂರ;
ಮೇಲೆ ಮಣ್ಣು ಹೊದಿಸಬೇಡ,
ಬೆಳಕು ಕಂಡೇ ಕಣ್ಣು ಬಿಡುವ ಹಟ ಇವಕ್ಕೆ.
ನೀರು ಮೇಲಿಂದ ಸುರಿಯಬೇಡ. ತಟ್ಟೆಯಲ್ಲಿ ನಿಲ್ಲಿಸು,
ಮಣ್ಣಿನ ಮುಖ ಬಣ್ಣ ತಿರುಗಿದ ಕೂಡಲೇ ಎತ್ತು.
ಬೆಳಿಗ್ಗೆ ಮಾತ್ರ. ಸಂಜೆ, ಅಯ್ಯೋ ಬಾಯಾರಿದೆ, ಅನ್ನಿಸಿದರೆ
ಕೈ ಜೇಬಲ್ಲಿಟ್ಟುಕೊಂಡು ದಡದವರೆಗೆ ಹೋಗಿ ಬಾ.

ನಾನೂ ಮುಳುಗಿಸಿದ್ದೇನೆ, ಗೊತ್ತಾ.
ಸಿಗುರ್ಡ್‌ನ ದೋಣಿಯ ರೇಡಿಯೋ ಎರಡು ರಾತ್ರಿ ಸುಮ್ಮನಾಗಿತ್ತು.
ಕೈಗೆ ಬೇರೆ ಕೆಲಸ ತೋಚದೆ ಟಾರ್ಚು ಹಿಡಿದು ಇಲ್ಲೇ ನಿಂತು
ನೀರು, ಮತ್ತೆ ನೀರು.
ಗುರುವಾರ ಸ್ಟ್ರೋಮ್ನೆಸ್‌ಗೆ ದೋಣಿ ಬಂತು. ಅವನು ಹಸಿವು ಅಂದ.
ಶನಿವಾರದ ಹೊತ್ತಿಗೆ ನಾಲ್ಕು ಟ್ರೇ ಮಲಗಿದ್ದವು.
ಅವನಿಗೆ ಹೇಳಲಿಲ್ಲ. ಇಲಿ ತಿಂದವು ಅಂದೆ.

ನೀನು ಯಾಕೆ ಅಷ್ಟು ಹಾಕಿದೆ ಅಂತ
ನಾನು ಕೇಳೋದಿಲ್ಲ.

ಉಳಿದದ್ದು ಎಣಿಸು, ಗಟ್ಟಿಯಾಗಿ.
ಹದಿನೇಳು? ಆ ಮೂಲೆಯಲ್ಲಿ? ಹತ್ತೊಂಬತ್ತು.
ಎಲ್ಲಿ ಉಳಿದಿವೆ ನೋಡು: ಮುಚ್ಚಳ ಮುರಿದ ಕಡೆ.
ಹೊಸದು ತರಬೇಕು ಅಂತ ಎರಡು ವರ್ಷದಿಂದ ಅನ್ನುತ್ತಿದ್ದೆ.

ಎತ್ತಿ ನೆಡುವಾಗ ಎಲೆ ಹಿಡಿ, ಕತ್ತು ಹಿಡಿಯಬೇಡ;
ಎಲೆ ಹೋದರೆ ಇನ್ನೊಂದು ಬರುತ್ತೆ.
ಮತ್ತೆ ನಾಳೆಯಿಂದ ಬೂಟು ಹೊರಗೆ ಬಿಟ್ಟು ಬಾ,
ಕುರಿಹಟ್ಟಿಯೆಲ್ಲ ಅದರಲ್ಲೇ ಇದೆ.