ಬಿಲ್ಲೆಯ ಗೆರೆ

ಹೊಳಲ್ಕೆರೆ ರಸ್ತೆಯ ನನ್ನ ಅಂಗಡಿಗೆ
ತೆಂಕಣಕ್ಕೊಂದೇ ಕಿಟಕಿ.
ಹನ್ನೆರಡು ಇಪ್ಪತ್ತಾಯಿತು, ಮಿಷನ್ ನಿಲ್ಲಿಸು ಅಂದೆ ಫರ್ಹತ್‌ಗೆ.
ವರ್ಷದ ಗಿಡ್ಡ ಹಗಲು ಇವತ್ತು.

ಕಡಪ ಕಲ್ಲಿನ ಮೇಲೆ ಬಿಸಿಲು ಬಂದು
ಎಲ್ಲಿ ನಿಲ್ಲುತ್ತದೋ ಅಲ್ಲಿಗೊಂದು ಗೆರೆ,
ರವಿಕೆಗೆ ಗುರುತು ಹಾಕುವ ನೀಲಿ ಬಿಲ್ಲೆಯಲ್ಲಿ.
ಹೋದ ವರ್ಷದ್ದನ್ನು ಕಸಬರಿಗೆ ತಿಂದಿದೆ.
ಜಾಗ ಮಾತ್ರ ಅದೇ, ಮೂರನೇ ಕಲ್ಲಿನ ಸಂದು.

"ಇದು ನಿಮ್ಮ ಕಡೆ ಹಬ್ಬಾನಾ ಬೋರಕ್ಕ?"
ಯಾರ ಹಬ್ಬವೂ ಅಲ್ಲ ಕಣೇ.
ಒಬ್ಬಳೇ ಇದ್ದಾಗ ಹಚ್ಚಿಕೊಂಡ ಚಾಳಿ.

ಶ್ರಾವಣದಲ್ಲಿ ಬಲಗೈ ಸುಮ್ಮನಾಯಿತು.
ಕತ್ತರಿ ಆಗಿನಿಂದ ಮೊಳೆಗೆ ನೇತಾಡುತ್ತಿದೆ.
ಎಡಗೈಯಲ್ಲೇ ಎಳೆದೆ:
ಆ ಗೆರೆಯ ಮೇಲೆ ಕತ್ತರಿಸಿದರೆ
ಯಾವ ಮೈಗೂ ಕೂರುವ ರವಿಕೆ ಆಗದು.
ಫರ್ಹತ್ ನಗಲಿಲ್ಲ. ನಾನೇ ನಕ್ಕೆ.

ಮೇ ತಿಂಗಳ ಬಿಸಿಲು
ಕೋಟೆಯ ಬಂಡೆಗಳನ್ನೆಲ್ಲ ಹುರಿದು ಹಾಕಿದರೂ
ಈ ಕಿಟಕಿ ದಾಟಿದ್ದಿಲ್ಲ.
ಇಷ್ಟು ಒಳಗೆ ಬರುವುದು
ಇವತ್ತಿನ ಬಡಕಲು ಬಿಸಿಲೊಂದೇ.
ಮೂವತ್ತು ವರ್ಷ ಗೆರೆ ಎಳೆದೆ,
ಇದು ಹೊಳೆದದ್ದು ಈಗ.

ಬಲಗೈಯನ್ನು ಎಡಗೈಯಿಂದ ಎತ್ತಿ
ಗೆರೆಯಾಚೆ, ಬೆಚ್ಚಗಿನ ಕಲ್ಲಿನ ಮೇಲಿಟ್ಟೆ,
ಒಗೆದ ಬಟ್ಟೆ ಹರವಿದಂತೆ.
ಹೆಬ್ಬೆರಳು ಅಲ್ಲಾಡಿತೋ,
ಗುಡ್ಡದ ಗಾಳಿಯಂತ್ರದ ನೆರಳೋ?
ಅಷ್ಟು ದೂರದಿಂದ ನೆರಳು ಬರುವುದಿಲ್ಲ ಅಂದಳು ಹುಡುಗಿ.

ನಾಳೆ ಒಂದು ನೂಲಿನಷ್ಟು
ಕಿಟಕಿಯ ಕಡೆ ಸರಿಯುತ್ತದೆ ಬಿಸಿಲು.
ಕಣ್ಣಿಗೆ ಕಾಣದು, ನನಗೆ ಗೊತ್ತು.
ಹಗಲಿನ ಅಂಚು ಬಿಚ್ಚಿ
ಅಷ್ಟೇ ಉದ್ದ ಬಿಡುತ್ತಾರೆ ಯಾರೋ.

ಬಾಬಿನ್ ಖಾಲಿಯಾಗಿದೆ ಫರ್ಹತ್,
ದಾರ ಸುತ್ತು.
ಇಲ್ಲ, ತಾ ಇಲ್ಲಿ.