ಒಂದು, ಎರಡು, ಹದಿನಾಲ್ಕು

ಮೊದಲು ಕಣ್ಣಲ್ಲ, ಬೆರಳು.
ಕತ್ತಲಲ್ಲಿ ಕುರಿಯ ಕಿವಿಗುರುತು ತಡವುವ ಹಾಗೆ
ಅಡಿಗಲ್ಲಿನ ಸೊಂಟ ತಡವಬೇಕು.
ಆಮೇಲೆ ತಂತಿಬ್ರಷ್ಷು, ಮೆಲ್ಲಗೆ.
ಗ್ರೈಂಡರ್ ಹಿಡಿದು ಬಂದವನನ್ನು
ನಾನಾದರೆ ಹೊಸ್ತಿಲು ದಾಟಲು ಬಿಡುವುದಿಲ್ಲ.

ಗೈಮಾನಿನ ಆಚೆ, ಕಾಲುವೆ ಮುಗಿಯುವಲ್ಲಿ
ಎಲಿನೆಡ್ ಮುದುಕಿಯ ಕೊಟ್ಟಿಗೆ.
ಪಾಪ್ಲರ್ ಸಾಲು, ಹಗಲಿಡೀ ಗಾಳಿ,
ಉಣ್ಣೆ ತೂಗುವ ಹಳೆಯ ತಕ್ಕಡಿ.
ಸೀಮೆಸುಣ್ಣ ಬಾಹಿಯಾ ಬ್ಲಾಂಕಾದಲ್ಲೇ ಮರೆತು ಬಂದಿದ್ದೆ.
'ಹಿಟ್ಟು ಆದೀತೆ?' ಎಂದು ಆಕೆ
ರೊಟ್ಟಿಯ ಡಬ್ಬಿಯನ್ನೇ ತಂದಿಟ್ಟಳು.

ಒರೆಸಿದೆ. ಟಾರ್ಚನ್ನು ಓರೆ ಹಿಡಿದೆ.
ಕಪ್ಪಿನೊಳಗಿಂದ ಬೆಳ್ಳಗೆ ಎದ್ದವು
ಊರಿನ ಹೆಸರಿನ ಬಾಲ, ಮೂರಕ್ಷರ
(ಡಡ್ಲಿ ಇರಬೇಕು, ಆಣೆ ಇಡಲಾರೆ),
ಅದರ ಕೆಳಗೆ, ಚುಕ್ಕಿ ಇಟ್ಟು ಚುಕ್ಕಿ ಇಟ್ಟು:
ಒಂದು. ಎರಡು. ಹದಿನಾಲ್ಕು.

'ಅದು ನಮ್ಮಪ್ಪ ಬ್ರಿನ್‌ಮೋರ್ ಹುಟ್ಟಿದ ದಿನ' ಎಂದಳು.
ಫೆಬ್ರವರಿ ಒಂದು, ಹದಿನಾಲ್ಕನೆಯ ಇಸವಿ.
ಅವತ್ತೇ ತಾತ ಉಳಿ ಹಿಡಿದು ಕೊರೆದನಂತೆ.
ಹೊಳೆ ಉಕ್ಕಿದ ವರ್ಷ ಚರ್ಚಿನ ಪುಸ್ತಕ ತೇಲಿಹೋಗಿ
ಪಿಂಚಣಿಗೆ ಪುರಾವೆ ಇಲ್ಲದಾದಾಗ
ರಾಸನ್ನಿನಿಂದ ಗುಮಾಸ್ತ ಬಂದು, ಇಲ್ಲೇ ಕುಕ್ಕರುಗಾಲಲ್ಲಿ ಕೂತು
ಕಬ್ಬಿಣ ನೋಡಿ ಕಾಗದಕ್ಕೆ ಇಳಿಸಿಕೊಂಡನಂತೆ.
'ಗೋರಿಯ ಮೇಲೂ ಅದೇ ಇದೆ. ಬೇಕಾದರೆ ನೋಡಿ ಬಾ.'

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು.
ಮಾತೆಯ ಬುರುಡೆ ಎರಡು ಸಲ ಕೈ ಬದಲಾಯಿಸುವವರೆಗೆ
ಮುಚ್ಚಿಕೊಂಡೂ ಇದ್ದೆ.
ಆದರೆ ಕೈ ತನ್ನಷ್ಟಕ್ಕೇ ಕೆಲಸ ಮಾಡುತ್ತದೆ:
ಚೌಕದ ಕಂಡಿಗೆ ಬೆರಳು ಹಾಕಿತು,
ಪಕ್ಕದಲ್ಲಿ ದುಂಡು ತೂತು ಹುಡುಕಿತು, ಸಿಗಲಿಲ್ಲ.
ಲಾಳದ ಮೊಳೆಗೆ ಆ ತೂತು ಕೊರೆಯಲು ಇನ್ನೂ ಕಲಿತಿರದ ಕಾಲದ್ದು.
ವೇಲ್ಸಿನವರು ಈ ದಂಡೆಗೆ ಇಳಿಯುವ ಹೊತ್ತಿಗೇ
ಇದಕ್ಕೆ ಮೊಮ್ಮಕ್ಕಳಾಗುವ ವಯಸ್ಸು.

ಹೇಳಿದೆ.
ಇಂಗ್ಲಿಷರ ಹಳೇ ತೂಕ, ತಾಯಿ.
ಮೊದಲ ಅಂಕಿ ಒಂದಕ್ಕೆ ನೂರ ಹನ್ನೆರಡು ಪೌಂಡು,
ನಡುವಿನದು ಇಪ್ಪತ್ತೆಂಟರ ಲೆಕ್ಕ, ಎರಡಕ್ಕೆ ಐವತ್ತಾರು,
ಕೊನೆಯದು ಬಿಡಿ ಪೌಂಡು.
ಒಟ್ಟು ನೂರ ಎಂಬತ್ತೆರಡು.

ಗಾಳಿಗೆ ತಗಡು ಬಡಿದುಕೊಂಡಿತು.
'ಕಿಲೋದಲ್ಲಿ ಹೇಳು.'
ಎಂಬತ್ತೆರಡೂವರೆ.
'ಅಪ್ಪ ಅಷ್ಟು ಭಾರ ಎಂದೂ ಇರಲಿಲ್ಲ' ಎಂದಳು.
'ಕೊನೆಗಾಲದಲ್ಲಿ ನಾನೊಬ್ಬಳೇ ಎತ್ತಿ ಮಲಗಿಸುತ್ತಿದ್ದೆ.'
ಆಮೇಲೆ ನಕ್ಕಳು, ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು:
'ಹಾಗಾದರೆ ಸರ್ಕಾರ ಇಪ್ಪತ್ತು ವರ್ಷ
ಕಬ್ಬಿಣಕ್ಕೆ ಪಿಂಚಣಿ ಕೊಟ್ಟಿತೇನಪ್ಪ!'

ಉಕ್ಕಿನ ಗುಂಡನ್ನು ಮುಖದ ಮೇಲೆ ಬೀಳಿಸಿದೆ.
ಕೊಂಬಿನ ಕಡೆ ಮುಕ್ಕಾಲು ಎತ್ತರಕ್ಕೆ ಪುಟಿಯಿತು,
ನಡುವಿನ ತಗ್ಗಿನಲ್ಲಿ ಅರ್ಧಕ್ಕೇ ಸೋತಿತು.
ಆಕೆಯ ಸೋದರಳಿಯ ನೆವಿಡ್ ಬಂದು ಕೈ ಕೊಟ್ಟ.
ಉಣ್ಣೆಯ ತಕ್ಕಡಿ ನರಳಿತು:
ಎಪ್ಪತ್ತೊಂಬತ್ತೂವರೆ.

ಮೂರು ಕಿಲೋ ಇಲ್ಲ.
ಒಡೆದ ಹಿಂಬದಿಯ ಮೂಲೆ ಅಷ್ಟಿಷ್ಟು. ಮಿಕ್ಕದ್ದು ಸವೆತ.
ನಾನು ಬೆಲೆಗಾರ, ಇಂಥಲ್ಲಿ ನಾಚಿಕೊಳ್ಳಬಾರದು.
ಆದರೂ 'ಕೆತ್ತಿದಷ್ಟಕ್ಕೇ ದುಡ್ಡು ಕೊಡುತ್ತೇನೆ' ಎಂದೆ.
'ಬೇಡ, ಮುರಿದುಕೋ' ಎಂದಳು.
'ಸವೆದದ್ದು ನಾವು ಉಂಡದ್ದು.
ಉಂಡದ್ದನ್ನು ಮಾರಿದರೆ ದಕ್ಕುತ್ತದೆಯೇ?'

ಪಿಕಪ್ಪಿಗೆ ಹಲಗೆ ಕೊಟ್ಟು ಏರಿಸಿದೆವು.
ಬೇಲಿಯ ತನಕ ಬಂದು, ಕಿಟಕಿ ತಟ್ಟಿ ಕೇಳಿದಳು:
'ಅಪ್ಪ ಹುಟ್ಟಿದ್ದು ಮತ್ತೆ ಯಾವತ್ತು?'
ಗಾಳಿಯಲ್ಲಿ ಕೇಳಿಸದವನಂತೆ ತಲೆಯಾಡಿಸಿದೆ.

ಏಳುನೂರು ಕಿಲೋಮೀಟರು, ಅರ್ಧ ಜಲ್ಲಿರಸ್ತೆ.
ಮನೆ ಮುಟ್ಟಿ ಟಾರ್ಪಾಲು ಸರಿಸಿದಾಗ
ಒಂದು, ಎರಡರೊಳಗಿನ ಹಿಟ್ಟು ಉದುರಿಹೋಗಿತ್ತು.
ಹದಿನಾಲ್ಕು ಇನ್ನೂ ಬೆಳ್ಳಗಿತ್ತು.