ಚಿರೇಕಲ್ಲು, ದೋಣಿ ಹಲಗಿ

ಗ್ವಾಡಿಗೆ ಮೊಳಿ ಹೊಡೀಬ್ಯಾಡ್ರಿ ಅಂತ
ಮೊದಲನೇ ದಿನಾನ ಹೇಳ್ಯಾಳ ಎಸ್ಪೆರಾನ್ಸಾ ಬಾಯಿ.
ಒಂದು ಮೊಳಿಗೆ ನೂರು ರೂಪಾಯಿ,
ಡಿಪಾಜಿಟ್ಟಿನಾಗ ಮುರಕೊಂತಾಳ.
ಝುವಾರಿನಗರದ ಈ ಖೋಲ್ಯಾಗ ಅದಕ್ಕ
ಕ್ಯಾಲೆಂಡರ್ ಸೈತ ನೆಲಕ್ಕ ಐತಿ,
ದೇವರು ಹಿಟ್ಟಿನ ಡಬ್ಬಿಗೆ ಆನಿಕೊಂಡು ಕುಂತಾನ.

ಪುಸ್ತಕ ಎಲ್ಲಿ ಕೂಡಬೇಕು?
ಹಾಸಿಗಿ ಕೆಳಗ, ಜ್ವಾಳದ ಚೀಲದ ಮ್ಯಾಲೆ,
ನನ್ನ ಮಷೀನಿನ ಕಾಲಾಗ.
ಬ್ಲೌಸ್ ಹೊಲಿಯೂ ಮುಂದ ನೀಲಾಂಬಿಕೆಯ ಭೂಗೋಳ
ಒದ್ದು ಒದ್ದು ರಟ್ಟು ಹೋತು,
ಎರಡು ಖಂಡ ಕಿತ್ತು ಕೈಗೆ ಬಂದ್ವು.

ವಾಸ್ಕೋದ ಅಂಗಡ್ಯಾಗ ಒಂದು ಕಪಾಟು ನೋಡಿದ್ವಿ.
ಗಾಜಿನ ಬಾಗಿಲ, ಒಳಗ ಸಣ್ಣ ದೀಪ.
ಚೀಟಿ ತಿರುವಿ ಬೆಲಿ ಓದಿದ ಯಮನೂರಪ್ಪ
ಬಾಗಿಲ ಮೆಲ್ಲಕ ಮುಚ್ಚಿದ,
ಒಳಗ ಯಾರೋ ಮಲಗ್ಯಾರ ಅನ್ನೂಹಂಗ.

ನನ್ನ ಕಡೆ ಇದ್ದದ್ದು ಆರನೂರಾ ನಲವತ್ತು.
ಎರಡು ಫ್ರಾಕು, ಒಂದು ಮದುವಿ ಬ್ಲೌಸಿನ ರೊಕ್ಕ.

ಐತವಾರ ಖಾರೆವಾಡೊ ದಂಡಿಗೆ ಹೋದ್ವಿ.
ಹಳೇ ಟ್ರಾಲರ್ ಒಂದನ್ನ ಒಡೀತಿದ್ರು,
ಕೈತಾನ್ ಮುದುಕ ಹಲಗಿ ತೂಗಿ ಮಾರತಿದ್ದ, ಒಲಿಗೆ.
ಒಲಿಗಲ್ಲ, ಪುಸ್ತಕಕ್ಕ ಅಂದೆ, ನನ್ನ ಮುರುಕ ಕೊಂಕಣ್ಯಾಗ.
ನನ್ನ ಮಾರಿ ನೋಡಿದ, ಹಲಗಿ ನೋಡಿದ,
ತಕ್ಕಡಿ ಬಾಜೂಕ ಸರಿಸಿ ಗೇಣು ಹಾಕಿ ಅಳೆದ.
ಮೂರಕ್ಕ ಮುನ್ನೂರು. ಟೆಂಪೋದಂವಗ ನೂರಾ ಐವತ್ತು.

ಕಲ್ಲು ಇಂವ ತಂದ. ಚಿರೇಕಲ್ಲು,
ಸೈಟಿನ್ಯಾಗ ಮೂಲಿ ಒಡದದ್ದು, ಮೇಸ್ತ್ರೀನ ಕೇಳಿ.
ಸೈಕಲ್ಲಿನ ಹಿಂದ ದಿನಕ್ಕೊಂದರಂಗ ಹನ್ನೆರಡು ದಿನ,
ಬಸುರಿ ಹೆಂಗಸನ್ನ ಕೂಡಿಸಿಕೊಂಡು ಬಂದಂಗ,
ತೆಗ್ಗು ಬಂದಲ್ಲಿ ಇಳದು ನೂಕಿ.

ಕಲ್ಲಿನ ಮ್ಯಾಲೆ ಹಲಗಿ, ಹಲಗಿ ಮ್ಯಾಲೆ ಕಲ್ಲು.

ಇನ್ನ ಸಿಂಗಾರ.
ಇಪ್ಪತ್ತು ರೂಪಾಯಿ ಉಜ್ಜುಕಾಗದ.
ಉಜ್ಜಿದಂಗ ಹಸರಿನ ಕೆಳಗ ನೀಲಿ, ನೀಲಿ ಕೆಳಗ ಕೆಂಪು,
ವರ್ಷಕ್ಕೊಂದು ಬಣ್ಣ ಬಳದಿದ್ರು ಯಾರೋ.
ಸಾಕು, ನಿಲ್ಲಸು ಅಂದೆ. ಬಣ್ಣದ ರೊಕ್ಕ ಉಳೀತು.
ಅಂಚಿಗೆ ನನ್ನ ಇಳಕಲ್ ಸೀರಿಯ ದಡಿ;
ಒಡಲು ಹರದಿತ್ತು, ದಡಿ ಇನ್ನೂ ಗಟ್ಟಿ ಇತ್ತು.
ಕೆಡವಿದ ಹಳೇ ಮನಿಯ ಕಿಟಕಿಯಿಂದ
ಹನ್ನೊಂದು ಸಿಂಪಿನ ಬಿಲ್ಲಿ ಕಿಸೆದಾಗ ಬಂದಿದ್ವು,
ಹತ್ತು ರೂಪಾಯಿ ದಾರದಾಗ ಪೋಣಿಸಿ ಇಳಿಬಿಟ್ಟೆ.
ಮುಂಜಾನೆ ಬಿಸಲು ಅವನ್ನ ದಾಟಿ
ಹಾಲಿನಂಗ ಇಳೀತಾದ ಗಣಿತದ ಮ್ಯಾಲೆ.

ಉಳಿದ ನೂರಾ ಅರವತ್ತಕ್ಕ
ರದ್ದಿ ಅಂಗಡ್ಯಾಗ ಒಂದು ಕನ್ನಡ ನಿಘಂಟು ಸಿಕ್ತು.
ದಪ್ಪ ಐತಿ, ತೂಕ ಐತಿ, ಕಪಾಟಿಗೆ ಮಾನ.
ಮನಿಗೆ ಬಂದು ತಗದರ ಶುರು ಆಗೂದ 'ಕ'ದಿಂದ.
'ಅ'ದಿಂದ 'ಔ'ತನಕ
ಯಾರೋ ಶೇಂಗಾ ಕಟ್ಟಿ ಮಾರ್ಯಾರ.
ಹಿಂಗಾಗಿ ನಮ್ಮ ನಿಘಂಟಿನ್ಯಾಗ
ಅವ್ವ ಇಲ್ಲ, ಅಪ್ಪ ಇಲ್ಲ, ಊರಿಲ್ಲ,
ಉಪ್ಪಿಲ್ಲ, ಎಣ್ಣಿ ಇಲ್ಲ, ಓದೂದೂ ಇಲ್ಲ.
ನಾನು ಬೈಯೂದರಾಗಿದ್ದೆ.
ನೀಲಾ ಬೆರಳಿಟ್ಟು ಹುಡುಕಿ ಹುಡುಕಿ ನಕ್ಕಳು:
'ಅವ್ವಾ, ಇಲ್ಲ ಅನ್ನೂದೂ ಇದರಾಗ ಇಲ್ಲ.'

ಮಳಿ ಹತ್ತಿತು. ಹಲಗಿ ಬೆವರಿದ್ವು.
ಮೀನು ತಿನ್ನದ ಮನ್ಯಾಗ ಚರಿತ್ರೆ ಪುಸ್ತಕ
ಬಂಗಡಿ ವಾಸನಿ ಹೊಡೀತಾದ.
ಕಲ್ಲಿಗೆ ಆನಿ ನಿಂತ ಪುಸ್ತಕಕ್ಕೆಲ್ಲ
ಮಗ್ಗಲಿಗೆ ಕೆಂಪು ಹತ್ತೇತಿ.
ಶಾಲ್ಯಾಗ ಯಾರೋ ಕೇಳಿದ್ರಂತ, ಇದೇನ ಅಂತ.
ನಮ್ಮ ಮನಿ ಪುಸ್ತಕದ ಗುರುತು ಅಂದಳಂತ.

ಬಾಡಿಗಿಗೆ ಬಂದ ಬಾಯಿ
ಕಪಾಟಿನ ಹಿಂದ ಕೈ ಹಾಕಿ ಗ್ವಾಡಿ ಸವರಿದಳು.
ಮೊಳಿ ಸಿಗಲಿಲ್ಲ. ಆದರೂ ಹೋಗಲಿಲ್ಲ.
ಬಗ್ಗಿ, ಕೆಳಗಿನ ಹಲಗಿಯ ಬಿಳಿ ಅಕ್ಷರ ಓದಿದಳು:
'ಸ್ಟೆಲ್ಲಾ ಮಾ…'
ಅಷ್ಟಕ್ಕ ಗರಗಸ ಕೊಯ್ದೈತಿ.
'ಉಳದದ್ದು ಎಲ್ಲಿ?' ಅಂದಳು.

ನನಗೇನು ಗೊತ್ತು, ಬಾಯಿ.
ಯಾರ ಒಲ್ಯಾಗ ಅನ್ನ ಬೇಯಿಸಿ ಬೂದಿ ಆತೋ,
ಇಲ್ಲಾ ಯಾವ ಖೋಲ್ಯಾಗ
ಎರಡು ಕಲ್ಲಿನ ನಡುವ ಅಡ್ಡಾಗಿ,
ನಮ್ಮ 'ಅ'ದಿಂದ 'ಔ'ತನಕ
ಹೊತ್ತು ನಿಂತೈತೋ.